ದತ್ತು ತಗೊಂಡ ಹುಲಿಗೆ ಕೇಕ್ ತರಬೇಡಿ

"ಡಾಕ್ಟ್ರೇ, ನಾವು ದುಡ್ಡು ಕಟ್ಟಿದ್ದೀವಿ. ನಮ್ಮ ಹುಲಿಗೆ ಇವತ್ತು ಊಟಾನೇ ಹಾಕಿಲ್ಲವಂತೆ!"

ವರ್ಷಕ್ಕೆ ನಾಲ್ಕೈದು ಸಲವಾದರೂ ನನಗೆ ಈ ಫೋನ್ ಬರುತ್ತದೆ. ಮಗನ ಹುಟ್ಟುಹಬ್ಬಕ್ಕೆಂದು ಮೃಗಾಲಯದ ಹುಲಿಯೊಂದನ್ನು ದತ್ತು ಪಡೆದಿರುತ್ತಾರೆ. ಅದೇ ದಿನ ಮನೆಮಂದಿಯೆಲ್ಲ ಹೊರಟು ಬಂದಿರುತ್ತಾರೆ. ನೋಡಿದರೆ ಅವತ್ತು ಹುಲಿಯ ಉಪವಾಸದ ದಿನ. ಅವರಿಗಾಗುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇಷ್ಟು ವರ್ಷ ಮೃಗಾಲಯದ ಪ್ರಾಣಿಗಳಿಗೆ ಮದ್ದು ಮಾಡಿಕೊಂಡು ಬಂದವನಿಗೆ ಇದನ್ನೇ ಮತ್ತೆ ಮತ್ತೆ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಬಿಡುತ್ತೇನೆ.

ತೊಂದರೆ ಶುರುವಾಗುವುದೇ 'ದತ್ತು' ಅನ್ನುವ ಮಾತಿನಿಂದ. ನಮ್ಮ ಕಡೆ ದತ್ತು ಅಂದರೆ ಮಗು ಮನೆಗೆ ಬರುತ್ತದೆ, ತೋಟ ಗದ್ದೆ ಅದರ ಹೆಸರಿಗಾಗುತ್ತದೆ. ಮೃಗಾಲಯದ ದತ್ತು ಹಾಗಲ್ಲ. ದೇವಸ್ಥಾನದಲ್ಲಿ ನಂದಾದೀಪಕ್ಕೆ ದುಡ್ಡು ಕೊಡುತ್ತೀರಲ್ಲ, ಆ ಲೆಕ್ಕ. ಎಣ್ಣೆ ನಿಮ್ಮದು. ಬತ್ತಿ ಎಷ್ಟು ದಪ್ಪ ಇರಬೇಕು, ಯಾವಾಗ ಎಣ್ಣೆ ಹೊಯ್ಯಬೇಕು ಅನ್ನುವುದು ಭಟ್ಟರಿಗೆ ಬಿಟ್ಟದ್ದು. ಇಲ್ಲೂ ಅಷ್ಟೇ. ನೀವು ಕೊಡುವುದು ಪ್ರಾಣಿಯ ಊಟ, ಆರೈಕೆಯ ಖರ್ಚಿಗೆ. ಪ್ರಮಾಣಪತ್ರ ಸಿಗುತ್ತದೆ, ಹೆಸರನ್ನು ಫಲಕದಲ್ಲಿ ಹಾಕುತ್ತಾರೆ. ಪ್ರಾಣಿ ಮಾತ್ರ ನಿಮ್ಮದಾಗುವುದಿಲ್ಲ.

ಉಪವಾಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಡಿನ ಹುಲಿಗೆ ದಿನಾ ಊಟ ಇಲ್ಲ. ವರ್ಷಕ್ಕೆ ಸುಮಾರು 50 ಬೇಟೆ, ಅಂದರೆ ವಾರಕ್ಕೊಂದು. ಒಂದು ಕಡವೆ ಹೊಡೆದರೆ ಎರಡು ಮೂರು ದಿನ ಅಲ್ಲೇ ಬಿದ್ದುಕೊಂಡು ತಿನ್ನುತ್ತದೆ, ಆಮೇಲೆ ಮತ್ತೆ ಬೇಟೆ ಸಿಗುವವರೆಗೆ ಖಾಲಿ ಹೊಟ್ಟೆ. ಅದರ ಹೊಟ್ಟೆ ಕರುಳು ಆಗಿರುವುದೇ ಅದಕ್ಕೆ ತಕ್ಕ ಹಾಗೆ. ಆವರಣದಲ್ಲಿರುವ ಹುಲಿಗೆ ಓಡಾಟ ಕಡಿಮೆ, ಊಟ ತಪ್ಪುವುದಿಲ್ಲ. ಬೊಜ್ಜು ಬರಲು ಇನ್ನೇನು ಬೇಕು? ಅದಕ್ಕೇ ವಾರದಲ್ಲಿ ಒಂದು ದಿನ ಮಾಂಸ ಹಾಕುವುದಿಲ್ಲ. ಅದು ಮರೆವೂ ಅಲ್ಲ, ದುಡ್ಡು ಉಳಿಸುವ ಉಪಾಯವೂ ಅಲ್ಲ. ನೀವು ಕಟ್ಟಿದ ಹಣದಲ್ಲಿ ಆ ಉಪವಾಸವೂ ಸೇರಿದೆ ಅಂದುಕೊಳ್ಳಿ.

ಇನ್ನು ಕೇಕ್. ಕಡುಬು, ಚಿಕನ್ ಕಬಾಬ್ ತಂದವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೃಗಾಲಯದ ಪ್ರಾಣಿಗೆ ಜನ ತಿನ್ನಿಸುವುದು ಅಪರಾಧ. ದತ್ತು ಪಡೆದವರಿಗೂ ವಿನಾಯಿತಿ ಇಲ್ಲ. ಕಾನೂನು ಒಂದು ಕಡೆ ಇರಲಿ, ನನಗೆ ಭಯ ಕಾಯಿಲೆಯದ್ದು. ನಮ್ಮ ಕ್ಷಯ ಮಂಗಗಳಿಗೂ ಆನೆಗಳಿಗೂ ಅಂಟಬಹುದು. ಕೊಟ್ಟಿಗೆಯ ಕಾಲುಬಾಯಿ ಜ್ವರ ಚಪ್ಪಲಿಗೆ ಅಂಟಿಕೊಂಡು ಜಿಂಕೆಗಳವರೆಗೆ ಬರಬಹುದು. ಬಾಗಿಲಲ್ಲಿ ರೋಗಾಣು ಸಾಯಿಸುವ ಕೆಂಪು ನೀರಿನ ತೊಟ್ಟಿ ಇಡುವುದು ಅದಕ್ಕೇ. ಜನ ಅದನ್ನು ಜಿಗಿದು ದಾಟುತ್ತಾರೆ, ಚಪ್ಪಲಿ ಒದ್ದೆಯಾಗುತ್ತದಂತೆ! ದಯವಿಟ್ಟು ಜಿಗಿಯಬೇಡಿ. ಮನೆಯಲ್ಲಿ ದನ ಕಟ್ಟಿದವರಂತೂ ಖಂಡಿತ ಬೇಡ.

ಅಡಿಕೆ ಬೆಳೆಗಾರರೊಬ್ಬರು ಒಮ್ಮೆ ಕೇಳಿದ್ದರು: "ಜಿಂಕೆಗೆ ದುಡ್ಡು ಕೊಟ್ಟಿದ್ದೀನಿ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರ್ತಾರೆ, ಹದಿನೈದು ದಿನ ತೋಟದಲ್ಲಿ ಇಟ್ಕೊಳ್ಳಬಹುದಾ?" ತುಂಬಾ ಒಳ್ಳೆಯ ಮನುಷ್ಯ, ಬೇಲಿ ಸಮೇತ ರೆಡಿ ಮಾಡಿದ್ದರು. ಇಲ್ಲ ಅಂತ ಹೇಳುವಾಗ ನನಗೇ ಬೇಜಾರಾಯಿತು.

ತೆರಿಗೆ ವಿಷಯ ಒಂದೇ ಮಾತು. ದಾನಕ್ಕೆ ಕೊಡುವ ತೆರಿಗೆ ವಿನಾಯಿತಿ (80ಜಿ ಅನ್ನುತ್ತಾರಲ್ಲ, ಅದು) ಹೊಸ ತೆರಿಗೆ ಪದ್ಧತಿಯಲ್ಲಿ ಸಿಗುವುದಿಲ್ಲ. ನಿಮ್ಮ ಆಡಿಟರ್ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ. ಆನ್‌ಲೈನ್‌ನಲ್ಲಿ ಗೊಂಬೆ, ಪ್ರಮಾಣಪತ್ರದ ಜೊತೆ ಬರುವ ದತ್ತು ಉಡುಗೊರೆ ಸಾಮಾನ್ಯವಾಗಿ ಬರೀ ಸಾಂಕೇತಿಕ. ಅಲ್ಲಿ ನಿಮ್ಮದು ಅಂತ ಒಂದು ಪ್ರಾಣಿ ಇರುವುದಿಲ್ಲ, ಹಣ ಸಂಸ್ಥೆಯ ಒಟ್ಟು ಕೆಲಸಕ್ಕೆ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಓದಿಕೊಂಡು ಕೊಡಿ.

ಎಲ್ಲರಿಗೂ ಹುಲಿ ಸಿಂಹವೇ ಬೇಕು. ತ್ಯಾವರೆಕೊಪ್ಪದ ಹುಲಿ ಸಿಂಹ ಸಫಾರಿ ನೋಡಿ ಬೆಳೆದ ಶಿವಮೊಗ್ಗದವರಿಗೆ ಅದು ಸಹಜವೇ ಬಿಡಿ. ಆದರೆ ನಮ್ಮದೇ ಶರಾವತಿ ಕಣಿವೆಯ ಸಿಂಗಳೀಕವನ್ನು, ಅಂದರೆ ಸಿಂಹದಂಥ ಬಾಲದ ಕರಿ ಮಂಗವನ್ನು, ಕೇಳುವವರು ಅಪರೂಪ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ಕಾಡಿನಲ್ಲಿಲ್ಲ. ಬೆಳೆದವು 2,500ಕ್ಕಿಂತ ಕಡಿಮೆ ಎಂದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಹೇಳುತ್ತದೆ. ಅದಕ್ಕೆಂದೇ 2019ರಲ್ಲಿ ಶರಾವತಿ ಕಣಿವೆಯಲ್ಲಿ ಅಭಯಾರಣ್ಯ ಮಾಡಿದರು. ಮೃಗಾಲಯಕ್ಕೆ ಕೊಟ್ಟ ಹಣ ಆ ಕಾಡಿಗೆ ಹೋಗುವುದಿಲ್ಲ, ಅದೂ ಗೊತ್ತಿರಲಿ. ಮರದಿಂದ ಮರಕ್ಕೆ ದಾಟುವ ಪ್ರಾಣಿ ಅದು. ಕೊಂಬೆಗಳ ಸಾಲು ತುಂಡಾಗದ ಹಾಗೆ ಕಾಡು ಉಳಿಸುವುದು ಬೇರೆಯೇ ಕೆಲಸ.

ತೀರ್ಥಹಳ್ಳಿ ಕಡೆಯ ಅಜ್ಜ ಒಬ್ಬರು ಮೊಮ್ಮಗಳಿಗೆ ಸಿಂಗಳೀಕದ ದತ್ತು ಉಡುಗೊರೆ ಕೊಟ್ಟಿದ್ದರು. ಹುಡುಗಿಗೆ ಹನ್ನೊಂದು ವರ್ಷ. ಬಂದಾಗಲೆಲ್ಲ ಬೇಲಿಯಾಚೆ ಸುಮ್ನೆ ಕೂತು ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು, "ಇದು ಎಡಗೆನ್ನೆಯಲ್ಲೇ ಯಾಕೆ ತುಂಬ್ಕೊಳ್ಳುತ್ತೆ?" ಎಂದಳು. ಈ ಮಂಗಗಳಿಗೆ ಎರಡು ಕೆನ್ನೆಯಲ್ಲೂ ಚೀಲ ಇರುತ್ತದೆ, ಸಿಕ್ಕಿದ್ದನ್ನೆಲ್ಲ ಅದರಲ್ಲಿ ಒತ್ತಿಕೊಂಡು ಆಮೇಲೆ ಅಗಿಯುತ್ತವೆ. ನಾನೂ ನಿಂತು ನೋಡಿದೆ. ಹೌದು, ಬಲಗೆನ್ನೆ ಖಾಲಿ. ಮಾರನೇ ದಿನ ಅರಿವಳಿಕೆ ಕೊಟ್ಟು ಬಾಯಿ ತೆರೆದರೆ ಬಲಗಡೆ ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ಕಿತ್ತೆವು. ವಾರದಲ್ಲಿ ಎರಡೂ ಕೆನ್ನೆ ಉಬ್ಬಿದವು.

ಮೊನ್ನೆ ಅವಳ ದತ್ತಿನ ಅವಧಿ ಮುಗಿಯಿತು. ಈ ಸಲ ಹುಲಿಗೆ ಹಾಕೋಣವಾ ಎಂದು ಅಜ್ಜ ಕೇಳಿದರಂತೆ. ಅವಳು ಒಪ್ಪಲಿಲ್ಲವಂತೆ.