ಮೊದಲು ಬಿಸಿ ನೋಡಿ, ಆಮೇಲೆ ಆಹಾರ

ಸಾಕಿದ ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗೆ ಹೊಟ್ಟೆ ಕಟ್ಟಿದೆ ಅಂತ ಯಾರಾದರೂ ಕರೆತಂದರೆ, ಏನು ತಿನ್ನಿಸಿದಿರಿ ಅಂತ ನಾನು ಮೊದಲು ಕೇಳುವುದಿಲ್ಲ. ಅದು ಮೈ ಕಾಯಿಸುವ ಜಾಗದಲ್ಲಿ ಬಿಸಿ ಎಷ್ಟಿದೆ ಅಂತ ಕೇಳುತ್ತೇನೆ. ಈ ಹಲ್ಲಿಯ ಮೂಲ ಆಸ್ಟ್ರೇಲಿಯಾದ ಒಣ ಪ್ರದೇಶ. ನಮ್ಮ ಹಾಗೆ ಇದರ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಬಿಸಿ ಸಿಕ್ಕಿದರೇನೇ ಜೀರ್ಣಕ್ರಿಯೆ ನಡೆಯುವುದು.

ಬಲ್ಬಿನ ಕೆಳಗೆ ಅದು ಕೂರುವ ಕಲ್ಲು ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದನ್ನು ಇಟ್ಟಿರುವ ಗಾಜಿನ ಟ್ಯಾಂಕಿನ ಇನ್ನೊಂದು ತುದಿ ತಂಪಾಗಿರಬೇಕು. ಎಷ್ಟೋ ಮಂದಿ ಗಾಜಿಗೆ ಅಂಟಿಸಿದ ಥರ್ಮಾಮೀಟರ್ ನೋಡಿ ಸಮಾಧಾನಪಡುತ್ತಾರೆ. ಅದು ತೋರಿಸುವುದು ಗಾಜಿನ ಹತ್ತಿರದ ಬಿಸಿಯನ್ನು ಮಾತ್ರ. ಹೊಟ್ಟೆಗೆ ತಾಗುವುದು ಕಲ್ಲು, ಅಲ್ವಾ? ಇನ್‌ಫ್ರಾರೆಡ್ ಥರ್ಮಾಮೀಟರನ್ನು ಕಲ್ಲಿಗೇ ಹಿಡಿದು ನೋಡಿ. ರಾತ್ರಿ ದೀಪ ಆರಿಸುವ ಹೊತ್ತಿಗೆ ಹುಳ ಕೊಡಬೇಡಿ. ತಿಂದ ಮೇಲೆ ಒಂದೆರಡು ಗಂಟೆಯಾದರೂ ಬಿಸಿ ಬೇಕು.

ಯುವಿಬಿ, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪವೂ ಹೊಟ್ಟೆಯ ವಿಷಯವೇ. ಅದಿಲ್ಲದಿದ್ದರೆ ಡಿ3 ವಿಟಮಿನ್ ಸಾಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾದರೆ ಕರುಳಿನ ಸ್ನಾಯುಗಳೂ ಸೋಲುತ್ತವೆ. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಬರುತ್ತಿದೆ ಅಂತಲ್ಲ. ಬೆಳಕು ಹಾಗೇ ಇದ್ದರೂ ಕಾಲಕ್ರಮೇಣ ಯುವಿಬಿ ಶಕ್ತಿ ಕುಗ್ಗುತ್ತದೆ.

ಇನ್ನು ಆಹಾರ. ಹುಳದ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಮರಿಗೆ ಹುಳ ಜಾಸ್ತಿ ಬೇಕು, ದೊಡ್ಡದಕ್ಕೆ ಸೊಪ್ಪು ಜಾಸ್ತಿ. ಇದನ್ನು ತಿರುಗುಮುರುಗು ಮಾಡಿದವರೇ ಹೆಚ್ಚು. ದೊಡ್ಡದಕ್ಕೂ ದಿನಾ ಹುಳ ತಿನ್ನಿಸಿದರೆ ಕೊಬ್ಬು ಸೇರುತ್ತದೆ. ಪಾಲಕ್ ಸೊಪ್ಪನ್ನು ದಿನನಿತ್ಯ ಕೊಡಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಿಂಚುಹುಳ ಮತ್ತು ಬೆಣ್ಣೆಹಣ್ಣು ಮಾತ್ರ ಯಾವತ್ತೂ ಬೇಡ. ಒಂದೇ ಒಂದು ಮಿಂಚುಹುಳ ಸಾಕು, ಜೀವ ಹೋಗುತ್ತದೆ. ಟ್ಯಾಂಕಿಗೆ ಸಡಿಲ ಮರಳೂ ಬೇಡ. ಹುಳದ ಜೊತೆ ಅದೂ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು.

ಮಲವನ್ನು ದಿನಾ ಗಮನಿಸಿ. ಕಂದು ಭಾಗ ಗಟ್ಟಿಯಾಗಿ, ಅದರ ಜೊತೆಗಿರುವ ಯೂರೇಟ್ (ಹಲ್ಲಿಯ ಮೂತ್ರದ ಘನ ಭಾಗ) ಬೆಳ್ಳಗೆ ಮೆತ್ತಗಿದ್ದರೆ ಒಳ್ಳೆಯದು. ಯೂರೇಟ್ ಹಳದಿಯಾಗಿ ಸೀಮೆಸುಣ್ಣದಂತೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಸಾಲದು ಅಂತ ಅರ್ಥ. ತುಂಬಾ ನಾತ ಬರುವ ತೆಳು ಮಲ ಕಾಕ್ಸಿಡಿಯಾದಂಥ ಪರೋಪಜೀವಿಯಿಂದಲೂ ಇರಬಹುದು. ಸುಮ್ನೆ ಔಷಧಿ ಹಾಕಬೇಡಿ, ತಾಜಾ ಮಲವನ್ನು ಮುಚ್ಚಿದ ಡಬ್ಬಿಯಲ್ಲಿ ಪರೀಕ್ಷೆಗೆ ತನ್ನಿ.

ಒಂದೆರಡು ದಿನ ಮಲ ಹಾಕದೆ ಚುರುಕಾಗಿಯೇ ಇದ್ದರೆ ಬಿಸಿ ಸರಿಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಮ್ಮ ಕಣ್ಣೆದುರೇ ಕೂರಿಸಿ. ಆದರೆ ಹೊಟ್ಟೆ ಊದಿದ್ದರೆ, ಮಲ ಹಾಕಲು ತಿಣುಕುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ ಅವತ್ತೇ ವೈದ್ಯರ ಹತ್ತಿರ ಹೊರಡಿ. ಅಲ್ಲಿಯವರೆಗೆ ಬಲವಂತವಾಗಿ ಏನನ್ನೂ ತಿನ್ನಿಸಬೇಡಿ.