ಬೆನ್ನು ನೆಲಕ್ಕೆ ತಾಗಿದ ಮೇಲೆ: ಗಾರ್ಡ್ ನಡೆದು ಬಂದ ದಾರಿ

ಗರಡಿ ಕುಸ್ತಿ ನೋಡಿ ಬೆಳೆದ ಕಣ್ಣಿಗೆ ಇದು ಬೇಗ ಒಗ್ಗುವುದಿಲ್ಲ. ಮಟ್ಟಿಯಲ್ಲಿ ಬೆನ್ನು ಮಣ್ಣು ಮುಟ್ಟಿತೆಂದರೆ ಚಿತ್, ಅಲ್ಲಿಗೆ ಪಂದ್ಯ ಮುಗಿಯಿತು. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎಯಲ್ಲಿ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಮಾತ್ರ ಒಬ್ಬ ಅಂಗಾತ ಮಲಗಿ, ಮೇಲೆ ಕೂತವನ ಸೊಂಟಕ್ಕೆ ಎರಡೂ ಕಾಲು ಸುತ್ತಿ, ಅವನ ಮಣಿಕಟ್ಟು ಹಿಡಿದು ಕಾಯುತ್ತಾನೆ. ಈ ಭಂಗಿಯ ಹೆಸರು ಗಾರ್ಡ್. ಹೀಗೆ ಮಲಗಿದವನು ಗೆಲ್ಲುತ್ತಿದ್ದಾನೋ ಸೋಲುತ್ತಿದ್ದಾನೋ ಎಂಬ ವಾದ ಮೂವತ್ತು ವರ್ಷದಿಂದ ಬಗೆಹರಿದಿಲ್ಲ. ತೀರ್ಪುಗಾರರ ಅಂಕ ಪ್ರಕಟವಾದಾಗಲೆಲ್ಲ ಅದು ಮತ್ತೆ ಶುರುವಾಗುತ್ತದೆ. ಎಲ್ಲಿಂದ ಹೊರಟು ಇಲ್ಲಿಗೆ ಬಂದೆವು ಎಂದು ಒಮ್ಮೆ ನೋಡುವುದು ಒಳ್ಳೆಯದು.

ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೊ ಶಾಲೆ ತೆರೆದರು. ನೆಲದ ಮೇಲಿನ ಪಟ್ಟುಗಳು ಜಪಾನಿನ ಕಾಲೇಜು ಪಂದ್ಯಗಳಲ್ಲಿ ಹರಿತವಾದವು. ಮಿತ್ಸುಯೊ ಮಾಯೆದಾ 1914ರಲ್ಲಿ ಆ ವಿದ್ಯೆಯನ್ನು ಬ್ರೆಜಿಲ್‌ಗೆ ಒಯ್ದರು. ಅಲ್ಲಿ ಗ್ರೇಸಿ ಕುಟುಂಬ ಅದನ್ನು ಸಣ್ಣ ಮೈಯವನೂ ಬಳಸಬಹುದಾದ ಯುದ್ಧವಿದ್ಯೆಯಾಗಿ ತಿದ್ದಿತು. ದಪ್ಪ ಆಳು ಹೇಗೂ ನಿನ್ನನ್ನು ಕೆಡವುತ್ತಾನೆ, ಆದ್ದರಿಂದ ಕೆಳಗಿನಿಂದ ಹೋರಾಡುವುದನ್ನೇ ಮೊದಲು ಕಲಿ ಎಂಬುದು ಅವರ ಲೆಕ್ಕ.

ಆ ಲೆಕ್ಕ ಜಗತ್ತಿಗೆ ಕಂಡದ್ದು 1993ರ ನವೆಂಬರ್ 12ರಂದು, ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಎಂಬ ಎಂಎಂಎ ಪಂದ್ಯಾವಳಿಯಲ್ಲಿ. ತೂಕದ ವಿಭಾಗವಿಲ್ಲ. ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಆದರೆ ಗಾರ್ಡ್‌ನ ನಿಜವಾದ ಪರೀಕ್ಷೆ ನಡೆದದ್ದು ಮರುವರ್ಷ ಡಿಸೆಂಬರ್‌ನಲ್ಲಿ, ಟಲ್ಸಾದಲ್ಲಿ. ಎದುರಿಗಿದ್ದದ್ದು ಡ್ಯಾನ್ ಸೆವರ್ನ್, ಸುಮಾರು 118 ಕಿಲೋ ತೂಗುವ ಕುಸ್ತಿಪಟು. ರಾಯ್ಸ್ ಅವರ ತೂಕ 80 ಕಿಲೋ ಆಸುಪಾಸು. ಪಂದ್ಯದ ಬಹುಪಾಲು ಅವರು ಆ ದೇಹದ ಅಡಿಯಲ್ಲೇ ಇದ್ದರು. ದೂರದಿಂದ ನೋಡಿದವರಿಗೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ರಾಯ್ಸ್ ಸೊಂಟ ಸುಮ್ಮನಿರಲಿಲ್ಲ, ಕಾಲುಗಳು ಇಷ್ಟಿಷ್ಟೇ ಮೇಲಕ್ಕೆ ಏರುತ್ತಿದ್ದವು.

ಕೊನೆಗೆ ಬಿದ್ದದ್ದು ಟ್ರಯಾಂಗಲ್. ಮೇಲಿರುವವನ ಒಂದು ಕೈ ನಿಮ್ಮ ಕಾಲುಗಳ ಒಳಗೆ, ಇನ್ನೊಂದು ಹೊರಗೆ ಉಳಿಯಬೇಕು. ನಿಮ್ಮ ಒಂದು ಕಾಲು ಅವನ ಕತ್ತಿನ ಹಿಂದೆ ಅಡ್ಡ ಬೀಳುತ್ತದೆ. ಅದರ ಹರಡನ್ನು ಇನ್ನೊಂದು ಮೊಣಕಾಲಿನ ಮಡಿಕೆಗೆ ಸಿಕ್ಕಿಸಿ ಬಿಗಿಯುತ್ತೀರಿ. ಕತ್ತಿನ ಒಂದು ಬದಿಯ ರಕ್ತನಾಳವನ್ನು ನಿಮ್ಮ ತೊಡೆ ಒತ್ತುತ್ತದೆ, ಇನ್ನೊಂದು ಬದಿಯದನ್ನು ಅವನದೇ ಭುಜ. ಸರಿಯಾಗಿ ಕೂತರೆ ಎಂಥ ಕತ್ತೂ ಕೆಲವೇ ಕ್ಷಣಗಳಲ್ಲಿ ಸೋಲುತ್ತದೆ. ಸೆವರ್ನ್ ಟ್ಯಾಪ್ ಮಾಡಿದರು, ಅಂದರೆ ಕೈಯಿಂದ ತಟ್ಟಿ ಸೋಲೊಪ್ಪಿದರು. ಗಡಿಯಾರ ತೋರಿಸಿದ್ದು 15 ನಿಮಿಷ 49 ಸೆಕೆಂಡ್.

ಈ ಸಮಯವನ್ನು ನೆನಪಿನಲ್ಲಿಡಿ. ಇವತ್ತಿನ ಸಾಮಾನ್ಯ ಪಂದ್ಯ ಐದೈದು ನಿಮಿಷದ ಮೂರು ಸುತ್ತು, ಒಟ್ಟು 15 ನಿಮಿಷ. ಅಂದಿನ ಪಂದ್ಯ ಇಂದಿನ ನಿಯಮದಲ್ಲಿ ನಡೆದಿದ್ದರೆ ಆ ಟ್ರಯಾಂಗಲ್‌ಗೆ ಮೊದಲೇ ಗಂಟೆ ಬಾರಿಸಿರುತ್ತಿತ್ತು, ಗೆಲುವು ಬಹುಶಃ ಸೆವರ್ನ್ ಪಾಲಾಗುತ್ತಿತ್ತು.

ಮುಂದಿನ ಯುಎಫ್‌ಸಿಯಿಂದಲೇ ಕಾಲಮಿತಿ ಬಂತು. ಟಿವಿಯ ಸಮಯಕ್ಕೆ ಅದು ಬೇಕಿತ್ತು, ಆಟಗಾರರ ಸುರಕ್ಷತೆಗೂ ಬೇಕಿತ್ತು. 1996ರಲ್ಲಿ ಮಾರ್ಕ್ ಕೋಲ್ಮನ್ ಬಂದು, ಗಾರ್ಡ್‌ನ ಒಳಗೇ ಕೂತು ಗುದ್ದಿ ಗೆಲ್ಲಬಹುದೆಂದು ತೋರಿಸಿದರು. ಅದಕ್ಕೆ ಗ್ರೌಂಡ್ ಅಂಡ್ ಪೌಂಡ್ ಎಂಬ ಹೆಸರು ಬಿತ್ತು. ಮರುವರ್ಷ ಕಿಕ್‌ಬಾಕ್ಸರ್ ಮಾರಿಸ್ ಸ್ಮಿತ್ ಅದೇ ಕೋಲ್ಮನ್ ಅವರ ಅಡಿಯಲ್ಲಿ ಉಸಿರು ಕಾಪಾಡಿಕೊಂಡು, ಅವರು ದಣಿದ ಮೇಲೆ ಎದ್ದು ನಿಂತು ಗೆದ್ದರು. ಪಟ್ಟು ಹಾಕುವುದಷ್ಟೇ ಅಲ್ಲದೆ, ಕೆಳಗಿದ್ದು ತಾಳಿಕೊಳ್ಳುವುದೂ ಒಂದು ತಂತ್ರವೆಂದು ಆಗ ಗೊತ್ತಾಯಿತು.

2000ದ ಹೊತ್ತಿಗೆ ಅಮೆರಿಕದಲ್ಲಿ ಏಕರೂಪ ನಿಯಮ ರೂಪುಗೊಂಡಿತು. ಬಾಕ್ಸಿಂಗ್‌ನಿಂದ ಹತ್ತು ಅಂಕದ ಪದ್ಧತಿ ಬಂತು, ಪ್ರತಿ ಸುತ್ತಿಗೂ ಬೇರೆ ಲೆಕ್ಕ. ಟ್ರಯಾಂಗಲ್ ಅರ್ಧ ಕಟ್ಟಿದ್ದಾಗ ಗಂಟೆ ಹೊಡೆದರೆ ಇಬ್ಬರೂ ಎದ್ದು ಮೂಲೆಗೆ ಹೋಗಬೇಕು. ಅಷ್ಟು ಹೊತ್ತಿನ ಕಟ್ಟೋಣವೆಲ್ಲ ನೀರುಪಾಲು. ಗಾರ್ಡ್‌ನ ಒಳಗಿನಿಂದ ಮೊಣಕೈ ಏಟಿಗೂ ಅವಕಾಶವಿತ್ತು. ಮೇಲಾಗಿ ಪಂದ್ಯ ನಡೆಯುವ ಪಂಜರದ ಜಾಲರಿ: ಅದಕ್ಕೆ ತಲೆ ಒತ್ತಿಹೋದರೆ ಸೊಂಟ ಜಾರಿಸಲು ಜಾಗವೇ ಉಳಿಯುವುದಿಲ್ಲ.

ಅದೇ ಹೊತ್ತಿಗೆ ಜಪಾನಿನ ಪ್ರೈಡ್ ಎಂಬ ಎಂಎಂಎ ಪಂದ್ಯಾವಳಿಯಲ್ಲಿ ಬೇರೆಯೇ ಹವೆ. ಅಲ್ಲಿ ರಿಂಗ್, ಮೊದಲ ಸುತ್ತು 10 ನಿಮಿಷ, ತಲೆಗೆ ಮೊಣಕೈ ನಿಷಿದ್ಧ, ತೀರ್ಪು ಇಡೀ ಪಂದ್ಯಕ್ಕೆ. ಆಂಟೋನಿಯೊ ರೊಡ್ರಿಗೊ ನೊಗೇರಾ ಅಲ್ಲಿ ಕೆಳಗಿನಿಂದಲೇ ದೊರೆಯಾದರು. 2002ರಲ್ಲಿ ಸುಮಾರು 170 ಕಿಲೋ ತೂಕದ ಬಾಬ್ ಸಾಪ್ ಆರಂಭದಲ್ಲೇ ಅವರನ್ನು ತಲೆಕೆಳಗಾಗಿ ಎತ್ತಿ ನೆಲಕ್ಕೆ ಕುಕ್ಕಿದರು. ಅದನ್ನೂ ಸಹಿಸಿದ ನೊಗೇರಾ, ಸಾಪ್ ಬಳಲಿದ ಮೇಲೆ ಎರಡನೇ ಸುತ್ತಿನಲ್ಲಿ ಆರ್ಮ್‌ಬಾರ್ (ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಪಟ್ಟು) ಹಾಕಿ ಮುಗಿಸಿದರು. ನಿಯಮ ಬದಲಾದರೆ ಅದೇ ವಿದ್ಯೆಯ ಬೆಲೆಯೂ ಬದಲಾಗುತ್ತದೆ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಅಮೆರಿಕದಲ್ಲೂ ಮಿಂಚು ಹೊಡೆದದ್ದುಂಟು. 2010ರ ಆಗಸ್ಟ್‌ನಲ್ಲಿ, ಐದು ಸುತ್ತಿನ ಪಟ್ಟದ ಪಂದ್ಯದಲ್ಲಿ, ಚೇಲ್ ಸೋನೆನ್ ನಾಲ್ಕು ಸುತ್ತು ಆಂಡರ್ಸನ್ ಸಿಲ್ವಾ ಅವರನ್ನು ಕೆಡವಿ ಬಡಿದರು. ನಾಲ್ಕೂ ಸುತ್ತು ಸೋನೆನ್‌ರವು. ಐದನೆಯದರಲ್ಲಿ ಎರಡು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಸಿಲ್ವಾ ಕೆಳಗಿನಿಂದ ಒಂದು ಮಣಿಕಟ್ಟು ಹಿಡಿದು ಕಾಲು ಎಸೆದರು. ಟ್ರಯಾಂಗಲ್, ಅದರೊಳಗೇ ಆರ್ಮ್‌ಬಾರ್, ಟ್ಯಾಪ್. ಆದರೆ ತರಬೇತುದಾರರು ಇದರಿಂದ ಕಲಿತ ಪಾಠ ಮೊದಲ ನಾಲ್ಕು ಸುತ್ತುಗಳದ್ದು. ಅವರನ್ನು ದೂರುವಂತಿಲ್ಲ, ಅಂಕದ ಹಾಳೆ ಹೇಳಿದ್ದೂ ಅದನ್ನೇ. ಕೆಳಗೆ ಬಿದ್ದರೆ ಮೊದಲು ಎದ್ದೇಳು, ಜಾಲರಿಗೆ ಬೆನ್ನು ಕೊಟ್ಟು ಏರು, ಪಟ್ಟು ಆಮೇಲೆ. ಇವತ್ತು ಹೇಳಿಕೊಡುವುದು ಹೆಚ್ಚಾಗಿ ಇದನ್ನೇ.

2016ರಲ್ಲಿ ತೀರ್ಪಿನ ಮಾನದಂಡ ತಿದ್ದುಪಡಿಯಾಯಿತು. ಮೇಲಿದ್ದಾನೋ ಕೆಳಗಿದ್ದಾನೋ ಎನ್ನುವುದಕ್ಕಿಂತ ಮಾಡಿದ ಕೆಲಸದ ಪರಿಣಾಮ ನೋಡಿ ಎಂದು ಬರೆದೇ ಇಟ್ಟರು. ಬರಹ ಸ್ಪಷ್ಟವಾಗಿದೆ, ಕಣ್ಣಿನ ಹಳೆಯ ರೂಢಿ ಅಷ್ಟು ಬೇಗ ಬಿಡುವುದಿಲ್ಲ. ಗ್ರೇಸಿ ಕುಟುಂಬ ತಿದ್ದಿದ ವಿದ್ಯೆಯೇ ಬ್ರೆಜಿಲಿಯನ್ ಜಿಯು-ಜಿಟ್ಸು; ಗುದ್ದಾಟವಿಲ್ಲದ ಅದರ ಪಂದ್ಯಗಳಲ್ಲಿ ಇದು ಸರಳ: ಕೆಳಗಿನಿಂದ ಎದುರಾಳಿಯನ್ನು ಹೊರಳಿಸಿ ಮೇಲೆ ಬಂದರೆ 2 ಅಂಕ, ಗಾರ್ಡ್ ದಾಟಿದರೆ 3. ಕಾಲುಗಳನ್ನು ದಾಟುವವರೆಗೆ ಬರೀ ಮೇಲೆ ಕೂತದ್ದಕ್ಕೆ ಅಂಕವೇ ಇಲ್ಲ. ಎಂಎಂಎಯಲ್ಲೂ ಹೀಗೆ ನೋಡುವ ತಾಳ್ಮೆ ಇದ್ದಿದ್ದರೆ ಎಷ್ಟೋ ಸುತ್ತುಗಳ ಲೆಕ್ಕ ಬೇರೆಯಾಗುತ್ತಿತ್ತು.

ಗಾರ್ಡ್ ಸತ್ತಿತು ಎನ್ನುವವರು 2022ರ ಮೇ ತಿಂಗಳ ಫೀನಿಕ್ಸ್ ಪಂದ್ಯವನ್ನು ಮತ್ತೊಮ್ಮೆ ನೋಡಬೇಕು. ಯುಎಫ್‌ಸಿಯಲ್ಲಿ ಪಟ್ಟು ಹಾಕಿ ಅತಿ ಹೆಚ್ಚು ಪಂದ್ಯ ಗೆದ್ದ ಚಾರ್ಲ್ಸ್ ಒಲಿವೇರಾ ಅವರನ್ನು ಜಸ್ಟಿನ್ ಗೇಜೀ ಗುದ್ದಿ ಕೆಡವಿದರು. ಒಲಿವೇರಾ ಅಂಗಾತ ಬಿದ್ದಿದ್ದರು. ಕೆಳಗೆ ಬೇರೆ ಯಾರಾದರೂ ಇದ್ದಿದ್ದರೆ ಗೇಜೀ ಅವರ ಮೇಲೆ ಎರಗುತ್ತಿದ್ದರು. ಆದರೆ ಆ ಕಾಲುಗಳ ನಡುವೆ ಹೋಗದೆ ಹಿಂದೆ ಸರಿದು, ಎದ್ದೇಳಲು ಬಿಟ್ಟರು. ಒಲಿವೇರಾ ಎದ್ದರು. ಅದೇ ಸುತ್ತಿನಲ್ಲಿ ಗೇಜೀ ಅವರ ಕತ್ತು ಹಿಡಿದು ಟ್ಯಾಪ್ ಮಾಡಿಸಿದರು.