ಅರ್ಧ ಕಿಲೋ ಬೆಲ್ಲ ಬೇಕಿತ್ತು

ಕಿರಾಣಿ ಅಂಗಡಿಯ ಮುಂದೆ ನಿಂತು ‘ಅರ್ಧ ಕಿಲೋ ಬೆಲ್ಲ ಬೇಕಿತ್ತು’ ಎನ್ನುತ್ತೇವೆ. ‘ಬೇಕಿತ್ತು’ ಭೂತಕಾಲ. ಆದರೆ ‘ಯಾವಾಗ ಬೇಕಿತ್ತು? ಈಗ ಬೇಡವೇ?’ ಎಂದು ಕೇಳಿದ ಅಂಗಡಿಯವರನ್ನು ನಾನಂತೂ ಕಂಡಿಲ್ಲ. ಬೆಲ್ಲ ಈಗಲೇ ಬೇಕು ಎಂಬುದು ಇಬ್ಬರಿಗೂ ಗೊತ್ತು. ‘ಬೇಕು’ ಎಂದರೆ ಹುಕುಂ ಕೊಟ್ಟಂತೆ. ‘ಬೇಕಿತ್ತು’ ಎಂದರೆ ಕೇಳಿಕೊಂಡಂತೆ. ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಮಾತಿನ ಮೊನೆಯನ್ನು ಮೊಂಡು ಮಾಡಿಕೊಂಡಿದ್ದೇವೆ. ಇಷ್ಟು ಬಲ್ಲ ನಮಗೆ ಇಂಗ್ಲಿಷಿನ ‘ವಿಶ್’ ಯಾಕೆ ಕಬ್ಬಿಣದ ಕಡಲೆಯಾಗಬೇಕು?

ನನಗಂತೂ ಆಗಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ಕಾಲೇಜಿನ ಮೊದಲ ವರ್ಷದಲ್ಲಿ, ಜ್ವರದಿಂದ ಮಲಗಿದ್ದ ಗೆಳೆಯನಿಗೆ ಇಂಗ್ಲಿಷಿನಲ್ಲೇ ಕಾಗದ ಬರೆದೆ: ‘ಐ ವಿಶ್ ಯು ವಿಲ್ ಗೆಟ್ ವೆಲ್ ಸೂನ್’. ಕಳಿಸುವ ಮುನ್ನ ಜಂಬದಿಂದ ಮೇಷ್ಟರಿಗೆ ತೋರಿಸಿದರೆ, ಅವರು ‘ವಿಶ್’ ಹೊಡೆದು ಮೇಲೆ ‘ಹೋಪ್’ ಎಂದು ಬರೆದು ಕೈಗಿತ್ತರು. ಯಾಕೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ಈ ಎರಡು ಪದಗಳಿಗೂ ನಾವು ಆಸೆ, ಹಾರೈಕೆ ಎಂದೇ ಅರ್ಥ ಬರೆದುಕೊಂಡಿರುತ್ತೇವೆ. ತೊಡಕು ಅಲ್ಲಿಯೇ. ‘ಹೋಪ್’ ಎಂದಾಗ ಬಾಗಿಲು ಇನ್ನೂ ತೆರೆದಿದೆ: ಗೆಳೆಯ ಗುಣವಾಗಬಹುದು, ಆಗಲಿ. ‘ವಿಶ್’ ಆದಮೇಲೆ ಒಂದು ಇಡೀ ವಾಕ್ಯ ಬಂದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದೆ ಎಂದೇ ಅರ್ಥ: ಹಾಗಿಲ್ಲವಲ್ಲ ಎಂಬ ಕೊರಗು. ಗೊಂದಲ ಹೆಚ್ಚಿಸಲೆಂಬಂತೆ ‘ವಿಶ್ ಯು ಎ ಹ್ಯಾಪಿ ನ್ಯೂ ಇಯರ್’ ಬೇರೆ ಇದೆ. ಅದು ಶುದ್ಧ ಹಾರೈಕೆ; ಅಲ್ಲಿ ‘ವಿಶ್’ ನಂತರ ಬರುವುದು ವಾಕ್ಯವಲ್ಲ, ಬರೀ ನಾಮಪದ.

ಬಾಗಿಲು ಮುಚ್ಚಿದೆ ಎಂದು ತಿಳಿಸಲು ಇಂಗ್ಲಿಷ್ ಮಾಡುವುದು ನಮ್ಮ ಬೆಲ್ಲದ ಅಂಗಡಿಯ ಉಪಾಯವನ್ನೇ. ನನಗೆ ಈಜು ಬಾರದು. ‘ಐ ವಿಶ್ ಐ ಕುಡ್ ಸ್ವಿಮ್’. ಮಾತು ಇವತ್ತಿನದು, ಆದರೆ ‘ಕ್ಯಾನ್’ ಹಿಂದೆ ಸರಿದು ‘ಕುಡ್’ ಆಗಿದೆ. ಆಕೆಯ ಫೋನ್ ನಂಬರ್ ಈಗ ಗೊತ್ತಿಲ್ಲ; ‘ಐ ವಿಶ್ ಐ ನ್ಯೂ ಹರ್ ನಂಬರ್’. ಕೊರಗು ನಿನ್ನೆಯದಾದರೆ? ನಿನ್ನೆಗೆ ಒಂದು ಹೆಜ್ಜೆ ಹೇಗೂ ಖರ್ಚಾಗಿದೆ, ಇನ್ನೊಂದು ಹೆಜ್ಜೆ ಹಿಂದೆ ಇಡಬೇಕು: ‘ಐ ವಿಶ್ ಐ ಹ್ಯಾಡ್ ಆಸ್ಕ್ಡ್ ಹರ್’. ‘ವಿಶ್’ ಜೊತೆ ‘ವುಡ್’ ಬರುವುದು ಹೆಚ್ಚಾಗಿ ಬೇರೆಯವರ ಮೇಲಿನ ಗೊಣಗಾಟಕ್ಕೆ, ಪಕ್ಕದ ಮನೆಯ ನಾಯಿ ಬೊಗಳುವುದು ನಿಲ್ಲಿಸಬಾರದೇ ಎಂಬಂಥ ಕಡೆ.

ಈಗ ಕನ್ನಡದ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಗೊತ್ತಿದ್ದರೆ ಹೇಳುತ್ತೇನೆ.’ ‘ಗೊತ್ತಿದ್ದರೆ ಹೇಳುತ್ತಿದ್ದೆ.’ ಮೊದಲನೆಯದರಲ್ಲಿ ನನಗೆ ಗೊತ್ತಿರಲೂಬಹುದು. ಎರಡನೆಯದರಲ್ಲಿ ಗೊತ್ತಿಲ್ಲ, ಮಾತು ಮುಗಿಯಿತು. ‘ಗೊತ್ತಿದ್ದರೆ’ ಎರಡರಲ್ಲೂ ಅದೇ, ವ್ಯತ್ಯಾಸವೆಲ್ಲ ‘ಹೇಳುತ್ತಿದ್ದೆ’ಯಲ್ಲಿದೆ. ಈ ‘ಹೇಳುತ್ತಿದ್ದೆ’ ನಮಗೆ ಇನ್ನೊಂದು ಕಡೆ ಚೆನ್ನಾಗಿ ಪರಿಚಯ: ‘ಮಕ್ಕಳು ಚಿಕ್ಕವರಿದ್ದಾಗ ದಿನಾ ರಾತ್ರಿ ಕಥೆ ಹೇಳುತ್ತಿದ್ದೆ’. ಹಿಂದೊಮ್ಮೆ ರೂಢಿಯಾಗಿದ್ದುದನ್ನು ಹೇಳುವ ರೂಪವೇ ಎಂದೂ ನಡೆಯದ್ದನ್ನು ಹೇಳಲೂ ಒದಗುತ್ತದೆ. ಇಂಗ್ಲಿಷಿನ ‘ವುಡ್’ ಕೂಡ ಹಾಗೆಯೇ. ಅಜ್ಜಿ ರಾತ್ರಿಯೆಲ್ಲ ಕಥೆ ಹೇಳುತ್ತಿದ್ದಳು ಎನ್ನಲೂ ‘ಶಿ ವುಡ್ ಟೆಲ್’, ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದಳು ಎನ್ನಲೂ ‘ಶಿ ವುಡ್ ಟೆಲ್’. ದ್ರಾವಿಡ ನುಡಿಗೂ ಜರ್ಮ್ಯಾನಿಕ್ ನುಡಿಗೂ ನೆಂಟಸ್ತಿಕೆಯಿಲ್ಲ. ಆದರೂ ಎರಡೂ ಒಂದೇ ಬಾವಿಯ ನೀರು ಸೇದಿವೆ.

ಹಿಂದಿಯಲ್ಲೂ ‘ಪತಾ ಹೋತಾ ತೋ ಬತಾತಾ’ (ಗೊತ್ತಿದ್ದರೆ ಹೇಳುತ್ತಿದ್ದೆ) ಎನ್ನುವಾಗ ಬರುವುದು ರೂಢಿಯನ್ನು ಸೂಚಿಸುವ ‘ತಾ’. ಗ್ರೀಕ್, ಫ್ರೆಂಚ್ ಭಾಷೆಗಳಲ್ಲೂ ಇಂಥದೇ ವ್ಯವಸ್ಥೆಯಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಸಬೀನ್ ಯಾಟ್ರಿಡೂ 2000ದಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಚಿತ್ರವನ್ನು ಎತ್ತಿಕೊಂಡಿತು. ಅವರ ವಾದವನ್ನು ಸರಳವಾಗಿ ಹೇಳುವುದಾದರೆ, ಭೂತಕಾಲದ ಪ್ರತ್ಯಯಕ್ಕೆ ‘ಹಿಂದೆ’ ಎಂಬುದು ಮೂಲ ಅರ್ಥವಲ್ಲ. ‘ಇಲ್ಲಿಯದಲ್ಲ’ ಎಂಬುದೇ ಅದರ ತಿರುಳು. ಅದನ್ನು ಕಾಲಕ್ಕೆ ಅಂಟಿಸಿದರೆ ‘ಈ ಗಳಿಗೆಯದಲ್ಲ’, ಅಂದರೆ ನಿನ್ನೆಯದು. ಲೋಕಕ್ಕೆ ಅಂಟಿಸಿದರೆ ‘ನಾವಿರುವ ಈ ಲೋಕದ್ದಲ್ಲ’, ಅಂದರೆ ಬರೀ ಊಹೆ. ಇದನ್ನು ಒಪ್ಪದವರೂ ಇದ್ದಾರೆ: ಅದು ನಿಜವಾದ ಭೂತಕಾಲವೇ, ಬಾಗಿಲು ಇನ್ನೂ ಮುಚ್ಚದಿದ್ದ ಹಿಂದಿನ ಗಳಿಗೆಗೆ ಮನಸ್ಸು ಹೋಗಿ ನಿಲ್ಲುತ್ತದೆ ಎಂಬುದು ಅವರ ಮಾತು. ಜಗಳ ಇನ್ನೂ ಹರಿದಿಲ್ಲ. ಬೆಲ್ಲ ಕೊಳ್ಳಲು ಹೋದಾಗಲೆಲ್ಲ ನನಗೆ ಯಾಟ್ರಿಡೂ ಅವರ ಕಡೆಯೇ ವಾಲುವ ಮನಸ್ಸಾಗುತ್ತದೆ. ಅಲ್ಲಿ ದೂರ ಸರಿದಿರುವುದು ಕಾಲವೂ ಅಲ್ಲ, ಲೋಕವೂ ಅಲ್ಲ. ನಮಗೂ ಅಂಗಡಿಯವರಿಗೂ ನಡುವಿನ ಮರ್ಯಾದೆಯ ಅಂತರ.

ಹಾಗಾದರೆ ನಾವು ಎಡವುವುದು ಎಲ್ಲಿ? ಹೆಜ್ಜೆಗಳ ಲೆಕ್ಕದಲ್ಲಿ. ‘ಗೊತ್ತಿದ್ದರೆ ಹೇಳುತ್ತಿದ್ದೆ’ ಎಂಬುದು ಇವತ್ತಿಗೂ ಸಲ್ಲುತ್ತದೆ, ಹೋದ ವರ್ಷಕ್ಕೂ ಸಲ್ಲುತ್ತದೆ. ಬೇಕೆನಿಸಿದರೆ ‘ಗೊತ್ತಿದ್ದಿದ್ದರೆ’ ಎಂದು ಇನ್ನೊಂದು ‘ಇದ್ದು’ ಸೇರಿಸುತ್ತೇವೆ, ಇಲ್ಲದಿದ್ದರೂ ನಡೆಯುತ್ತದೆ. ಇಂಗ್ಲಿಷ್ ಈ ವಿಷಯದಲ್ಲಿ ಜಿಪುಣ ಶ್ಯಾನುಭೋಗರ ಹಾಗೆ: ಇವತ್ತಿನದಕ್ಕೆ ಒಂದು ಹೆಜ್ಜೆ, ನಿನ್ನೆಯದಕ್ಕೆ ಎರಡು, ರಿಯಾಯಿತಿ ಇಲ್ಲ. ಅದೇ ಇಂಗ್ಲಿಷ್ ‘ಐ ವಿಶ್ ಐ ವರ್’ ಎಂಬಲ್ಲಿ ತನ್ನ ಹಳೆಯ ಒಡವೆಯೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದೆ. ಹಳೆಯ ಇಂಗ್ಲಿಷಿನಲ್ಲಿ ಇಂಥ ಊಹೆಯ ಮಾತಿಗೆ ಕ್ರಿಯಾಪದಗಳ ಬೇರೆ ರೂಪವೇ ಇತ್ತು. ಶತಮಾನಗಳಲ್ಲಿ ಪದಗಳ ಬಾಲ ಸವೆದು ಭೂತಕಾಲದಲ್ಲಿ ಎಲ್ಲವೂ ಒಂದೇ ಆದವು. ಈ ‘ವರ್’ ಒಂದು ಉಳಿಯಿತು. ಮಾತಿನಲ್ಲಿ ‘ವಾಸ್’ ಎನ್ನುವವರು ಈಗ ಬೇಕಾದಷ್ಟಿದ್ದಾರೆ. ಪರೀಕ್ಷೆಯಲ್ಲಿ ‘ವರ್’ ಬರೆಯುವುದೇ ಕ್ಷೇಮ.

ಇಂಥ ರೂಪವೇ ಇಲ್ಲದ ಭಾಷೆಯವರು ‘ಆಗಿದ್ದರೆ’ ಎಂದು ಯೋಚಿಸಲಾರರೇ? 1981ರಲ್ಲಿ ಆಲ್ಫ್ರೆಡ್ ಬ್ಲೂಮ್ ಎಂಬ ಅಮೆರಿಕದ ವಿದ್ವಾಂಸ ಚೀನೀ ಭಾಷಿಕರ ಬಗ್ಗೆ ಹೆಚ್ಚುಕಡಿಮೆ ಹಾಗೆಯೇ ವಾದಿಸಿದರು. ಚೀನಿಯಲ್ಲಿ ಕ್ರಿಯಾಪದ ಹಿಂದೆ ಸರಿಯುವುದಿಲ್ಲ. ತಾವು ಕೊಟ್ಟ ‘ಹೀಗಾಗಿದ್ದರೆ’ ಎಂಬ ಧಾಟಿಯ ಕಥೆಗಳನ್ನು ಚೀನೀ ಓದುಗರು ನಿಜವಾಗಿ ನಡೆದದ್ದೆಂದೇ ತಿಳಿದರು ಎಂಬುದು ಅವರ ಆಧಾರ. ಎರಡು ವರ್ಷಗಳ ಬಳಿಕ ಟೆರಿ ಔ ಎಂಬ ಮನೋವಿಜ್ಞಾನಿ ಅಂಥ ಪ್ರಯೋಗಗಳನ್ನು ಸಹಜವಾದ ಚೀನಿಯಲ್ಲಿ ಮತ್ತೆ ಮಾಡಿದಾಗ ಓದುಗರಿಗೆ ತೊಂದರೆಯೇ ಆಗಲಿಲ್ಲ. ಒರಟು ಅನುವಾದದ ತಪ್ಪು ಓದುಗರ ತಲೆಯ ಮೇಲೆ ಬಂದಿತ್ತು. ಅನುವಾದ ಮಾಡುವವರು ಈ ಕಥೆಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಕೊರಗು ಯಾವಾಗ ಹೆಚ್ಚು ಕುಟುಕುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1982ರಲ್ಲಿ ಕೆದಕಿದ್ದರು. ಜನರ ಮುಂದೆ ಅವರಿಟ್ಟ ಕಥೆ ಇದು: ಇಬ್ಬರು ಪ್ರಯಾಣಿಕರು ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ ತಡವಾಗಿ ಬರುತ್ತಾರೆ. ಒಬ್ಬನ ವಿಮಾನ ಸರಿಯಾದ ಹೊತ್ತಿಗೆ ಹೋಗಿದೆ. ಇನ್ನೊಬ್ಬನದು ತಡವಾಗಿ, ಐದೇ ನಿಮಿಷದ ಹಿಂದೆ ಹೊರಟಿದೆ. ಯಾರಿಗೆ ಹೆಚ್ಚು ಸಂಕಟ? ಉತ್ತರಿಸಿದವರಲ್ಲಿ ಶೇ 96 ಮಂದಿ ಎರಡನೆಯವನತ್ತ ಬೆರಳು ತೋರಿದರು. ನಷ್ಟ ಇಬ್ಬರದೂ ಒಂದೇ. ಆದರೆ ‘ಸಿಗ್ನಲ್ಲಿನಲ್ಲಿ ನಿಲ್ಲದಿದ್ದರೆ’ ಎಂಬ ಇನ್ನೊಂದು ಲೋಕ ಎರಡನೆಯವನಿಗೆ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ನಮ್ಮ ದೇಶದಲ್ಲಿ ಅತಿ ಹತ್ತಿರದಲ್ಲಿದ್ದ ಇನ್ನೊಂದು ಲೋಕವೆಂದರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನದು. 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಗೆದ್ದ ರೊಮೇನಿಯಾದ ಓಟಗಾರ್ತಿಯ ಸಮಯ 55.41 ಸೆಕೆಂಡ್, ಪಿ.ಟಿ. ಉಷಾ ಅವರದು 55.42. ಗೆರೆಯ ಬಳಿ ಎದೆಯನ್ನು ಇನ್ನೊಂದಿಷ್ಟು ಮುಂದೆ ಚಾಚಬಾರದಿತ್ತೇ ಎಂದು ಜನ ಇವತ್ತಿಗೂ ಹಲುಬುತ್ತಾರೆ. ‘ಬಾರದು’ ಎಂಬ ನಿಷೇಧಕ್ಕೆ ‘ಇತ್ತು’ ಸೇರಿಸಿ, ಕೊನೆಗೆ ಪ್ರಶ್ನೆಯಾಗಿ ತಿರುಗಿಸಿದರೆ ಕನ್ನಡದ ಕೊರಗು ಸಿದ್ಧ.

ಇದೇ ಹಲುಬನ್ನು ಇಂಗ್ಲಿಷಿಗೆ ತರುವಾಗ ಎರಡು ಹೆಜ್ಜೆ ಮರೆಯಬಾರದು: ‘ಐ ವಿಶ್ ಶಿ ಹ್ಯಾಡ್ ಲೀನ್ಡ್ ಫಾರ್ವರ್ಡ್’. ಇಲ್ಲಿ ‘ವುಡ್ ಹ್ಯಾವ್’ ಎಂದು ಹೇಳಿಬಿಟ್ಟರೆ ಅತಿಯಾಗಿ ನಾಚಿಕೊಳ್ಳಬೇಕಾಗಿಲ್ಲ. ಮಾತಿನ ಭರದಲ್ಲಿ ‘ಹ್ಯಾಡ್’, ‘ವುಡ್’ ಎರಡೂ ಸವೆದು ಒಂದೇ ‘ಡ್’ ಆಗಿ ಉಳಿಯುತ್ತವೆ. ಇಂಗ್ಲಿಷನ್ನೇ ತಾಯಿಮಾತಾಗಿ ಆಡುವವರಲ್ಲೂ ಬಹಳ ಮಂದಿ ಅಲ್ಲಿ ಎಡವಿ ಬೀಳುತ್ತಾರೆ.